ಬಾಯಲ್ಲಿ ಬರುತ್ತದೆ, ಕೈಯಲ್ಲಿ ಬರುವುದಿಲ್ಲ: ಕೊಡಗಿನ ಕಾಲೇಜಿನಲ್ಲಿ ಬರವಣಿಗೆ ಕಲಿಸುವ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾನು ದಕ್ಷಿಣ ಕೊಡಗಿನ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಊರು ಹಾಸನದ ಕಡೆ. ಇಲ್ಲಿಗೆ ಬಂದು ಇದು ಎರಡನೇ ವರ್ಷ. ಮೊದಲ ವರ್ಷದ ಬಿ.ಎ., ಬಿ.ಕಾಂ. ಸೇರಿ ತರಗತಿಯಲ್ಲಿ 54 ಮಕ್ಕಳಿದ್ದಾರೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು, ಯರವ ಮಾತಾಡುವವರೇ ಹೆಚ್ಚು. ಕೆಲವರು ತೋಟದ ಕೂಲಿಕಾರರ ಲೈನ್ ಮನೆಗಳಿಂದ, ಬುಡಕಟ್ಟಿನವರ ಹಾಡಿಗಳಿಂದ ಬರುತ್ತಾರೆ. ಮಾತಿಗೆ ಕೂತರೆ ಎಷ್ಟು ಚೆನ್ನಾಗಿ ಮಾತಾಡುತ್ತಾರೆ! ಹಾಳೆ ಕೊಟ್ಟು ಬರೆಯಿರಿ ಎಂದರೆ ಮೂರು ಸಾಲು, ಅದೂ ಗೈಡಿನದು. ಒತ್ತಕ್ಷರ, ಮಹಾಪ್ರಾಣ ಎಲ್ಲ ತಪ್ಪು. ‘ಅಮ್ಮ ಬಂತು’ ಎಂದು ಬರೆಯುತ್ತಾರೆ. ರಾತ್ರಿ ಹನ್ನೊಂದರವರೆಗೆ ಕೂತು ಕೆಂಪು ಪೆನ್ನಿನಲ್ಲಿ ತಿದ್ದುತ್ತೇನೆ, ಮುಂದಿನ ವಾರ ಮತ್ತೆ ಅದೇ ತಪ್ಪು. ಈಗ ಕೆಲವರು ಮೊಬೈಲಿನಲ್ಲಿ ಎಐ ಕೈಯಲ್ಲಿ ಬರೆಸಿಕೊಂಡು ಬರುತ್ತಿದ್ದಾರೆ. ಡಿಸೆಂಬರ್ ಬಂದರೆ ಕಾಫಿ ಕುಯ್ಲು, ಅರ್ಧ ತರಗತಿ ಖಾಲಿ. ಒಬ್ಬ ಹಿರಿಯರು ‘ವ್ಯಾಕರಣವನ್ನು ಅ ಆ ಇ ಈಯಿಂದ ಹಾಕಿ’ ಎನ್ನುತ್ತಾರೆ. ಇನ್ನೊಬ್ಬರು ‘ಕಾಲ ಮೀರಿದೆ, ಪಾಸು ಮಾಡಿಸಿ ಸಾಕು’ ಎನ್ನುತ್ತಾರೆ. 18 ವರ್ಷ ದಾಟಿದವರಿಗೆ ಬರೆಯುವುದನ್ನು ಕಲಿಸಲು ಆಗುತ್ತದೆಯೇ? ಅವರವರ ಮನೆಮಾತಿನಲ್ಲಿ ಬರೆಯಲು ಬಿಟ್ಟರೆ ಕನ್ನಡ ಇನ್ನೂ ಕೆಡುತ್ತದೆಯೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಕಾಲ ಮೀರಿಲ್ಲ. ಮೂವತ್ತು ವರ್ಷ ಈ ಜಿಲ್ಲೆಯ ಪದವಿ ತರಗತಿಗಳಲ್ಲಿ ಕನ್ನಡ ಪಾಠ ಮಾಡಿದ ಮೇಲೆ ಹೇಳುತ್ತಿದ್ದೇನೆ, 18ನೇ ವಯಸ್ಸಿನಲ್ಲಿ ಬರೆಯಲು ಶುರು ಮಾಡಿ ಒಂದೇ ವರ್ಷದಲ್ಲಿ ಗುರುತೇ ಸಿಗದಷ್ಟು ಬದಲಾದ ಕೈಬರಹಗಳನ್ನು ನೋಡಿದ್ದೇನೆ. ಆದರೆ ನೀವು ಈಗ ಮಾಡುತ್ತಿರುವ ರೀತಿಯಲ್ಲಿ ಅದು ಆಗುವುದಿಲ್ಲ. ಆಗದಿರುವುದಕ್ಕೆ ಕಾರಣ ನಿಮ್ಮ ಶ್ರದ್ಧೆಯ ಕೊರತೆಯಲ್ಲ, ಮಕ್ಕಳ ದಡ್ಡತನವೂ ಅಲ್ಲ.

ನಾನು ಮಾಡಿದ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ನಾನೂ ನಿಮ್ಮಂತೆ ಹೊರಗಿನಿಂದ, ಮೈಸೂರು ಕಡೆಯಿಂದ ಬಂದವನು. ಮೊದಲ ವರ್ಷ ಕುಟ್ಟದ ಕಡೆಯ ಹುಡುಗನೊಬ್ಬ ‘ನಮ್ಮ ಊರು’ ಎಂಬ ಪ್ರಬಂಧದಲ್ಲಿ ‘ಕಳೆದ ವಾರ ನರಿ ಬಂದು ನಮ್ಮ ದನ ಹಿಡಿಯಿತು’ ಎಂದು ಬರೆದಿದ್ದ. ನಾನು ‘ದನ’ ಸರಿಯಾಗಿದೆಯೇ, ‘ಧನ’ ಎಂದೇನಾದರೂ ಬರೆದಿದ್ದಾನೆಯೇ ಎಂದು ನೋಡಿ, ಆಮೇಲೆ ‘ನರಿ’ಗೆ ಕೆಂಪು ಗೆರೆ ಎಳೆದು, ‘ನರಿ ದನ ಹಿಡಿಯುವುದಿಲ್ಲ. ಯೋಚಿಸಿ ಬರೆ’ ಎಂದು ಪಕ್ಕದಲ್ಲಿ ಬರೆದೆ. ಅವನು ಆ ವರ್ಷವೆಲ್ಲ ಮತ್ತೆ ತನ್ನ ಊರಿನ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಕೊಡವ ತಕ್ಕಿನಲ್ಲಿ ನರಿ ಎಂದರೆ ಹುಲಿ ಎಂದು ನನಗೆ ಗೊತ್ತಾಗುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಹುಲಿ ಕೊಂದವನಿಗೆ ಹಿಂದೆ ಮಾಡುತ್ತಿದ್ದ ಮರ್ಯಾದೆಗೆ ‘ನರಿ ಮಂಗಲ’ ಎಂದು ಹೆಸರು. ಹುಡುಗ ಯೋಚಿಸಿಯೇ ಬರೆದಿದ್ದ. ಹುಲಿ ಕೊಟ್ಟಿಗೆಗೆ ಬಂದ ಮನೆಯ ಹುಡುಗನಿಗೆ ನಾನು ಕಾಡಿನ ಪಾಠ ಹೇಳಿದ್ದೆ.

ಈ ಮಕ್ಕಳ ‘ತಪ್ಪು’ಗಳಲ್ಲಿ ಬಹುಪಾಲಿಗೆ ಹೀಗೆ ಒಂದು ಕಾರಣ ಇದ್ದೇ ಇರುತ್ತದೆ. ಕಾರಣ ಹುಡುಕದೆ ತಿದ್ದಿದರೆ ತಿದ್ದಿದ್ದು ಹಾಳೆ ಮಾತ್ರ. ಅಮೆರಿಕದಲ್ಲಿ 1970ರಲ್ಲಿ ನ್ಯೂಯಾರ್ಕ್ ನಗರದ ಸಿಟಿ ವಿಶ್ವವಿದ್ಯಾಲಯ ಹೈಸ್ಕೂಲು ಮುಗಿಸಿದ ನಗರದ ಎಲ್ಲರಿಗೂ ಬಾಗಿಲು ತೆರೆಯಿತು. ಅಲ್ಲಿಯತನಕ ಕಾಲೇಜಿನ ಮೆಟ್ಟಿಲು ಹತ್ತದ ಮನೆಗಳ ಮಕ್ಕಳು ಬಂದರು, ಅಧ್ಯಾಪಕರು ನಿಮ್ಮಂತೆಯೇ ಕಂಗಾಲಾದರು. ಅಲ್ಲಿನ ಒಬ್ಬ ಅಧ್ಯಾಪಕಿ ಆ ಮಕ್ಕಳು ಬರೆದ ಸುಮಾರು 4,000 ಪ್ರಬಂಧಗಳನ್ನು ಕೂತು ಓದಿ ತೋರಿಸಿದ್ದು ಇದನ್ನೇ: ತಪ್ಪುಗಳು ಎಲ್ಲೆಂದರಲ್ಲಿ ಚೆಲ್ಲಿ ಬಿದ್ದಿಲ್ಲ, ಪ್ರತಿಯೊಬ್ಬನ ತಪ್ಪಿಗೂ ಒಂದು ಕ್ರಮವಿದೆ, ಒಂದು ತರ್ಕವಿದೆ. ನ್ಯೂಯಾರ್ಕಿನ ಮಾತು ನಮಗೆ ಹೇಗೆ ಅನ್ವಯವಾಗುತ್ತದೆ ಎಂದು ನೀವು ಕೇಳಬಹುದು. ನಿಮ್ಮ 54 ಹಾಳೆಗಳನ್ನೇ ತೆಗೆದು ನೋಡೋಣ.

‘ಅಮ್ಮ ಬಂತು’ ಎಂದು ಬರೆಯುವವರು ಯಾರು ನೋಡಿ. ನನ್ನ ಅನುಭವದಲ್ಲಿ ಹೆಚ್ಚಿನವರು ಮನೆಯಲ್ಲಿ ಮಲಯಾಳ ಮಾತಾಡುವವರು. ಮಲಯಾಳದಲ್ಲಿ ಅವನು ಬಂದರೂ ‘ವನ್ನು’, ಅವಳು ಬಂದರೂ ‘ವನ್ನು’, ಬಸ್ಸು ಬಂದರೂ ‘ವನ್ನು’. ಕ್ರಿಯಾಪದದ ಬಾಲದಲ್ಲಿ ಗಂಡು ಹೆಣ್ಣು ಹೇಳುವ ಪದ್ಧತಿಯೇ ಆ ಭಾಷೆಯಲ್ಲಿಲ್ಲ. ಆ ಹುಡುಗಿಗೆ ಅಮ್ಮನ ಮೇಲೆ ಗೌರವವಿಲ್ಲವೆಂದಲ್ಲ, ಲಿಂಗ ವಚನ ಗೊತ್ತಿಲ್ಲವೆಂದೂ ಅಲ್ಲ. ಅವಳ ಕಿವಿ ಆ ಜಾಗದಲ್ಲಿ ಏನನ್ನೂ ಹುಡುಕುವುದಿಲ್ಲ. ಇಪ್ಪತ್ತು ಸಲ ಕೆಂಪು ಗೆರೆ ಎಳೆಯುವ ಬದಲು ಬೋರ್ಡಿನ ಎಡಕ್ಕೆ ಮೂರು ಮಲಯಾಳ ವಾಕ್ಯ, ಬಲಕ್ಕೆ ಮೂರು ಕನ್ನಡ ವಾಕ್ಯ ಬರೆದು ‘ಏನು ವ್ಯತ್ಯಾಸ ಕಾಣುತ್ತಿದೆ?’ ಎಂದು ಅವಳನ್ನೇ ಕೇಳಿ. ಹತ್ತು ನಿಮಿಷದ ಕೆಲಸ. ಅವಳೇ ಕಂಡುಹಿಡಿಯುತ್ತಾಳೆ. ತಾನು ಕಂಡುಹಿಡಿದದ್ದು ಮರೆಯುವುದಿಲ್ಲ.

ಮಹಾಪ್ರಾಣದ್ದು ಬೇರೆಯೇ ಕಥೆ. ಅದನ್ನು ಕೊಡಗಿನ ಮಕ್ಕಳ ದೋಷವೆಂದು ನೋಡಬೇಡಿ. ನಿಮ್ಮ ಹಾಸನದಲ್ಲೂ, ನನ್ನ ಮೈಸೂರಿನಲ್ಲೂ ಎಷ್ಟು ಜನ ‘ಭಾಷೆ’ಯಲ್ಲಿ ಉಸಿರು ಒತ್ತಿ ನುಡಿಯುತ್ತಾರೆ? ಕೇಳದ ಧ್ವನಿಯನ್ನು ಬರೆಯುವುದು ಕಣ್ಣಿನ ನೆನಪಿನ ಕೆಲಸ, ಕಿವಿಯದ್ದಲ್ಲ. ಓದು ಹೆಚ್ಚಿದಂತೆ ತಾನಾಗಿ ಸರಿಹೋಗುವ ತಪ್ಪು ಅದು. ಪದೇ ಪದೇ ಬಳಕೆಯಾಗುವ ಐವತ್ತು ಅರವತ್ತು ಪದಗಳ ಪಟ್ಟಿ ತರಗತಿಯ ಗೋಡೆಯ ಮೇಲಿದ್ದರೆ ಸಾಕು. ಕೊನೆಗೆ ಸರಿಹೋಗುವುದು ಇದೇ, ಆದ್ದರಿಂದ ಮೊದಲು ಇದಕ್ಕೇ ಕೈಹಾಕುವುದು ಶಕ್ತಿ ಪೋಲು.

ನನ್ನನ್ನು ನಿಜವಾಗಿ ಚಿಂತೆಗೀಡುಮಾಡುವುದು ಮೂರನೆಯ ಬಗೆಯದು. ‘ಪರಿಸರವು ಮಾನವನ ಜೀವನದಲ್ಲಿ ಮಹತ್ತರ ಪಾತ್ರವನ್ನು ವಹಿಸುತ್ತದೆ. ಆದ್ದರಿಂದ ಪರಿಸರವನ್ನು ಸಂರಕ್ಷಿಸಲಾಗಬೇಕು.’ ಒಂದು ಕಾಗುಣಿತವೂ ತಪ್ಪಿಲ್ಲದಿದ್ದರೂ ನನ್ನ ಲೆಕ್ಕದಲ್ಲಿ ಇದು ಆ ಹಾಳೆಯ ಅತಿ ದೊಡ್ಡ ತಪ್ಪು. ಇದನ್ನು ಯಾರೂ ಹೇಳಿಲ್ಲ, ಯಾರಿಗೂ ಹೇಳಿಲ್ಲ. ಹನ್ನೆರಡು ವರ್ಷದ ಶಾಲೆಯಲ್ಲಿ ಈ ಮಕ್ಕಳು ರಾಶಿ ರಾಶಿ ಬರೆದಿದ್ದಾರೆ. ಬೋರ್ಡಿನಿಂದ ನೋಟ್ಸಿಗೆ, ನೋಟ್ಸಿನಿಂದ ಪರೀಕ್ಷೆಗೆ. ‘ನೀನು ಕಂಡದ್ದನ್ನು ನನಗೆ ಗೊತ್ತಾಗುವಂತೆ ಬರೆ’ ಎಂದು ಒಬ್ಬರೂ ಕೇಳಿಲ್ಲ. ಕೇಳಿದರೂ, ಬರೆದದ್ದನ್ನು ಓದಿ ‘ಆಮೇಲೆ ಏನಾಯಿತು?’ ಎಂದವರಿಲ್ಲ. ಮೂರು ಸಾಲಿಗೆ ಅವರ ಕೈ ನಿಲ್ಲುವುದು ಇದೇ ಕಾರಣಕ್ಕೆ. ಹೇಳಲು ಇಲ್ಲದೆ ಅಲ್ಲ. ತಮಗೆ ಗೊತ್ತಿರುವುದು ಹಾಳೆಯ ಮೇಲೆ ಬರಲು ಯೋಗ್ಯ ಎಂಬ ನಂಬಿಕೆಯೇ ಅವರಿಗಿಲ್ಲ.

ಇನ್ನು ‘ವ್ಯಾಕರಣ ಮೊದಲಿನಿಂದ ಹಾಕಿ’ ಎಂಬ ಸಲಹೆ. ಹೇಳಿದವರ ಕಾಳಜಿ ನಿಜವಾದದ್ದು, ನಾನೂ ಮೊದಲ ಐದು ವರ್ಷ ಅದನ್ನೇ ಮಾಡಿದೆ. ಸಂಧಿ, ಸಮಾಸ, ವಿಭಕ್ತಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಮಕ್ಕಳು ‘ಲೋಪಸಂಧಿಗೆ ಉದಾಹರಣೆ ಕೊಡಿ’ ಎಂಬ ಪ್ರಶ್ನೆಗೆ ಪೂರ್ತಿ ಅಂಕ ತೆಗೆದರು, ಅವರ ಪ್ರಬಂಧ ಇದ್ದಲ್ಲೇ ಇತ್ತು. ಬರವಣಿಗೆಯಿಂದ ಬೇರ್ಪಡಿಸಿ ಕಲಿಸಿದ ವ್ಯಾಕರಣದಿಂದ ಬರವಣಿಗೆ ಸುಧಾರಿಸುವುದಿಲ್ಲ, ಬರೆಯುವ ಹೊತ್ತನ್ನು ತಿಂದುಹಾಕುವುದರಿಂದ ಕೆಡುವುದೂ ಉಂಟು ಎಂಬ ಮಾತು ಅಮೆರಿಕದ ಸಂಶೋಧಕರ ವರದಿಯೊಂದರಲ್ಲಿ 1963ರಲ್ಲೇ ಬಂದಿದೆ. ಅಂದಮೇಲೆ ವ್ಯಾಕರಣವೇ ಬೇಡವೇ? ಬೇಕು. ಆದರೆ ಅವರು ಬರೆದ ವಾಕ್ಯದಿಂದ ಹೊರಡಬೇಕು. ಈ ವಾರ ಇಪ್ಪತ್ತು ಹಾಳೆಗಳಲ್ಲಿ ಒಂದೇ ತೊಡಕು ಕಂಡರೆ ಅದೇ ಮುಂದಿನ ವಾರದ ಹತ್ತು ನಿಮಿಷದ ಪಾಠ.

ಈಗ ಕೆಂಪು ಪೆನ್ನು. ಲೆಕ್ಕ ಹಾಕಿ: ಒಂದು ಹಾಳೆಗೆ 10 ನಿಮಿಷವೆಂದರೂ 54 ಹಾಳೆಗೆ 9 ಗಂಟೆ. ಅತಿಥಿ ಉಪನ್ಯಾಸಕರ ಸಂಬಳಕ್ಕೆ, ಅದೂ ಬಹುಶಃ ಬಸ್ಸಿನಲ್ಲಿ ಓಡಾಡಿಕೊಂಡು, ವಾರಕ್ಕೆ 9 ಗಂಟೆ ತಿದ್ದುವುದು ಎಷ್ಟು ದಿನ ನಡೆದೀತು? ನಡೆದರೂ ಹುಡುಗನ ಕೈಗೆ ಸಿಗುವುದು ರಕ್ತಮಯವಾದ ಒಂದು ಹಾಳೆ. ಮೂವತ್ತು ಗೆರೆಗಳಲ್ಲಿ ಯಾವುದು ಮುಖ್ಯ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಅವನು ಅಂಕ ನೋಡಿ ಮಡಚಿಡುತ್ತಾನೆ.

ನಾನು ಕೊನೆಗೆ ಕಂಡುಕೊಂಡ ದಾರಿ ಹೀಗಿದೆ. ಮೊದಲ ಓದಿನಲ್ಲಿ ಪೆನ್ನು ಹಿಡಿಯುವುದೇ ಇಲ್ಲ. ಓದಿ ಮುಗಿಸಿ, ಬರೆದ ವಿಷಯದ ಬಗ್ಗೆ ಒಂದು ನಿಜವಾದ ಮಾತು ಅಥವಾ ಪ್ರಶ್ನೆ ಬರೆಯುತ್ತೇನೆ: ‘ಗೋಣಿಚೀಲ ಹೊತ್ತು ಆ ಇಳಿಜಾರು ಇಳಿಯುವುದು ಹೇಗೆ? ಅದನ್ನು ಬರೆ.’ ಆಮೇಲೆ ಒಂದೇ ಒಂದು ಬಗೆಯ ತಪ್ಪನ್ನು ಆರಿಸಿ ಮೊದಲ ಎರಡು ಕಡೆ ಗುರುತು ಹಾಕಿ, ‘ಇಂಥವು ಇನ್ನೂ ನಾಲ್ಕಿವೆ, ನೀನೇ ಹುಡುಕು’ ಎನ್ನುತ್ತೇನೆ. ಉಳಿದ ತಪ್ಪುಗಳು ಆ ವಾರ ಹಾಗೆಯೇ ಇರುತ್ತವೆ. ಬಿಟ್ಟುಬಿಡುವುದು ಕಷ್ಟ, ಕೈ ತುರಿಸುತ್ತದೆ, ಆದರೂ ಬಿಡಬೇಕು. ಪ್ರತಿ ವಿದ್ಯಾರ್ಥಿಯೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತನ್ನ ತಪ್ಪಿನ ಲೆಕ್ಕ ತಾನೇ ಇಟ್ಟುಕೊಳ್ಳಲಿ. ಈ ವಿಧಾನದ ಅಪಾಯವನ್ನೂ ಹೇಳಬೇಕು. ಪ್ರಾಂಶುಪಾಲರೋ ಪೋಷಕರೋ ಹಾಳೆ ನೋಡಿ ‘ಮೇಡಂ ತಿದ್ದಿಯೇ ಇಲ್ಲ’ ಎನ್ನಬಹುದು. ವರ್ಷದ ಮೊದಲೇ ವಿಭಾಗದಲ್ಲಿ ಹೇಳಿಟ್ಟುಕೊಳ್ಳಿ. ಮೊದಲ ಹಾಳೆಯನ್ನೂ ಹತ್ತನೆಯ ಹಾಳೆಯನ್ನೂ ಜೋಪಾನವಾಗಿಡಿ. ಪ್ರಶ್ನೆ ಬಂದಾಗ ಅವೆರಡನ್ನು ಪಕ್ಕಪಕ್ಕ ಇಟ್ಟು ತೋರಿಸುವುದೇ ಉತ್ತರ.

ಬರೆಸುವುದು ಹೇಗೆ ಎಂಬಲ್ಲಿಗೆ ಬರೋಣ, ಎಲ್ಲದರ ಬೇರು ಇಲ್ಲಿದೆ. ನಿಮ್ಮ ಪತ್ರದಲ್ಲೇ ಉತ್ತರದ ಅರ್ಧ ಇದೆ: ‘ಮಾತಿಗೆ ಕೂತರೆ ಎಷ್ಟು ಚೆನ್ನಾಗಿ ಮಾತಾಡುತ್ತಾರೆ!’ ಹಾಗಾದರೆ ಮಾತಿನಿಂದಲೇ ಹೊರಡಿ. ಇಬ್ಬಿಬ್ಬರನ್ನು ಜೋಡಿ ಮಾಡಿ. ಒಬ್ಬರು ಐದಾರು ನಿಮಿಷ ಹೇಳಬೇಕು, ಇನ್ನೊಬ್ಬರು ಕೇಳಿ ಎರಡು ಪ್ರಶ್ನೆ ಹಾಕಬೇಕು. ಆಮೇಲೆ ಅದಲುಬದಲು. ಹೇಳಿ ಮುಗಿಸಿದ ಬಿಸಿಯಲ್ಲೇ, ಮಾತು ಆರುವ ಮುಂಚೆ, ಹದಿನೈದು ನಿಮಿಷ ನಿಲ್ಲಿಸದೆ ಬರೆಯಬೇಕು. ಕಾಗುಣಿತ ನೋಡುವಂತಿಲ್ಲ, ಹೊಡೆದುಹಾಕುವಂತಿಲ್ಲ. ‘ಹೋಗ್ತಾ ಇದ್ದೆ’ ಎಂದು ಬರೆದರೆ ಹಾಗೇ ಇರಲಿ, ‘ಹೋಗುತ್ತಿದ್ದೆ’ ಮಾಡಲು ಎರಡನೇ ಪ್ರತಿ ಇದೆ. ಕನ್ನಡದ ಪದ ಹೊಳೆಯದಿದ್ದರೆ ಮನೆಮಾತಿನ ಪದವನ್ನೇ ಬರೆದು ಕೆಳಗೆ ಗೆರೆ ಎಳೆದು ಮುಂದೆ ಸಾಗಲಿ.

ವಿಷಯ ಅವರು ನಿಮಗಿಂತ ಚೆನ್ನಾಗಿ ಬಲ್ಲದ್ದಾಗಿರಬೇಕು. ಇದು ತುಂಬ ಮುಖ್ಯ. ರೋಬಸ್ಟಾ ಹಣ್ಣು ಕುಯ್ಯುವವರ ಕೈ ಹೇಗೆ ಓಡುತ್ತದೆ, ಚೀಲ ತೂಗುವಾಗ ಎಲ್ಲಿ ಕಣ್ಣಿಟ್ಟಿರಬೇಕು, ಕಾಫಿ ಹೂ ಅರಳಿಸುವ ಹೂಮಳೆ ಬಾರದ ವರ್ಷ ಮನೆಯಲ್ಲಿ ಏನೇನು ನಿಲ್ಲುತ್ತದೆ, ಕಣದಲ್ಲಿ ಕಾಫಿ ಹರಡಿದಾಗ ಮೋಡ ಕಂಡರೆ ಯಾರು ಯಾವ ಕಡೆ ಓಡುತ್ತಾರೆ, ಮಳೆಗಾಲದಲ್ಲಿ ಕರೆಂಟು ಹೋಗಿ ನಾಲ್ಕು ದಿನವಾದಾಗ ಮನೆ ಹೇಗೆ ನಡೆಯುತ್ತದೆ, ಪುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ತೆಗೆಯುವ ರಾತ್ರಿ. ನೀವು ಹಾಸನದವರಾದ್ದರಿಂದ ನಿಮಗೆ ಒಂದು ದೊಡ್ಡ ಅನುಕೂಲವಿದೆ, ನಿಮಗೆ ಇದರಲ್ಲಿ ಎಷ್ಟೋ ನಿಜವಾಗಿ ಗೊತ್ತಿಲ್ಲ. ಗೊತ್ತಿಲ್ಲದವರಿಗೆ ತಿಳಿಯುವಂತೆ ಹೇಳುವುದೇ ಬರವಣಿಗೆಯ ಮೊದಲ ಪಾಠ.

ಒಮ್ಮೆ ಆನೆಯ ಬಗ್ಗೆ ಹೀಗೆ ಮಾತಾಡಿಸಿ ಬರೆಸಿದೆ. ಅದೇ ಹುಡುಗಿ ಹಿಂದಿನ ವಾರ ‘ಆನೆಯು ಅತ್ಯಂತ ಬಲಶಾಲಿ ಪ್ರಾಣಿಯಾಗಿದ್ದು’ ಎಂದು ಗೈಡು ಬರೆದುಕೊಟ್ಟಿದ್ದವಳು. ಈ ಸಲ ಬರೆದದ್ದು: ‘ಆನೆ ಬಂದ್ರೆ ನಾಯಿ ಬೊಗಳುದಿಲ್ಲ. ಸುಮ್ಮನೆ ಬಂದು ಮಂಚದ ಅಡಿ ಮಲಗ್ತದೆ. ಆಗ ಅಪ್ಪ ಲೈಟ್ ಆರಿಸ್ತಾರೆ.’ ಮೂರೇ ವಾಕ್ಯ. ಅದರಲ್ಲಿ ಕತ್ತಲೆ ಇದೆ, ಹೆದರಿಕೆ ಇದೆ, ಆ ಮನೆಯ ಅಷ್ಟೂ ಅನುಭವ ಇದೆ. ‘ಬೊಗಳುದಿಲ್ಲ’ವನ್ನು ‘ಬೊಗಳುವುದಿಲ್ಲ’ ಮಾಡುವುದು ಎರಡು ನಿಮಿಷದ ಕೆಲಸ. ಆ ನಾಯಿಯನ್ನು ಗಮನಿಸುವುದನ್ನು ನಾನು ಅವಳಿಗೆ ಕಲಿಸಲಾರೆ, ಅದು ಅವಳು ತಂದದ್ದು.

ಇಲ್ಲೊಂದು ಎಚ್ಚರಿಕೆ. ಅನುಭವ ಬರೆಸುವುದೆಂದರೆ ಗಾಯ ಕೆದಕುವುದಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಕುಸಿದು ಊರಿಗೆ ಊರೇ ಪರಿಹಾರ ಕೇಂದ್ರಗಳಿಗೆ ಬಂದ ವರ್ಷ, ಕಾಲೇಜು ಮತ್ತೆ ಶುರುವಾದ ವಾರವೇ ನಾನು ‘ಮಳೆ’ ಎಂದು ವಿಷಯ ಕೊಟ್ಟೆ. ಮನಸ್ಸು ಹಗುರವಾದೀತು ಎಂದು ನನ್ನ ಎಣಿಕೆ. ಹಿಂದಿನ ಬೆಂಚಿನ ಒಬ್ಬಳು ಎದ್ದು ಹೊರಗೆ ಹೋದಳು, ಆ ದಿನ ಮರಳಿ ಬರಲಿಲ್ಲ. ನಾನು ಮಳೆಯ ಬಗ್ಗೆ ಬರೆ ಎಂದು ಕೇಳಿದ್ದು ಆ ಮಳೆಯಲ್ಲಿ ಮನೆಯನ್ನೇ ಕಳೆದುಕೊಂಡವಳ ಹತ್ತಿರ. ಅಂದಿನಿಂದ ಯಾವಾಗಲೂ ಎರಡು ವಿಷಯ ಕೊಡುತ್ತೇನೆ, ಅದರಲ್ಲಿ ಒಂದು ಮನೆಗೆ ಸಂಬಂಧವೇ ಇಲ್ಲದ ವಿಷಯ: ಒಂದು ಯಂತ್ರ, ಒಂದು ಕೆಲಸದ ವಿಧಾನ, ಒಂದು ದಾರಿ. ಅಪ್ಪನ ಕುಡಿತ, ಸಾಲ, ಮನೆಯ ಜಗಳ ಬರೆದುಕೊಂಡು ಬಂದರೆ ಅದನ್ನು ತರಗತಿಯಲ್ಲಿ ಓದಿಸಬೇಡಿ, ಮೆಚ್ಚಿ ಹೊಗಳಿ ಇನ್ನಷ್ಟು ಬರೆಸಬೇಡಿ. ಒಬ್ಬರೇ ಇದ್ದಾಗ ‘ಓದಿದೆ. ಸಹಾಯ ಬೇಕೇ?’ ಎಂದು ಕೇಳಿ.

ಮನೆಮಾತಿನ ಪ್ರಶ್ನೆ. ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ಮೊದಲ ಕರಡು ಬರೆದರೆ ಕನ್ನಡ ಕೆಡುವುದಿಲ್ಲ. ಯೋಚನೆಯನ್ನು ಜೋಡಿಸುವುದು, ಯಾವುದು ಮೊದಲು ಯಾವುದು ಆಮೇಲೆ ಎಂದು ತೀರ್ಮಾನಿಸುವುದು, ಕೇಳುವವನಿಗೆ ಏನು ಗೊತ್ತಿಲ್ಲ ಎಂದು ಊಹಿಸುವುದು, ಇವು ಯಾವ ಭಾಷೆಯಲ್ಲಿ ಕಲಿತರೂ ಇನ್ನೊಂದಕ್ಕೆ ದಾಟುತ್ತವೆ. ನಾಳೆ ಇದೇ ಮಕ್ಕಳು ಇಂಗ್ಲಿಷಿನಲ್ಲಿ ಬರೆಯುವಾಗಲೂ ಇದೇ ಕೆಲಸಕ್ಕೆ ಬರುತ್ತದೆ. ಈ ಭಾಷೆಗಳನ್ನು ‘ಲಿಪಿ ಇಲ್ಲದವು’ ಎಂದು ತಳ್ಳಿಹಾಕುವವರಿಗೆ ನೆನಪಿಸಿ: ಕೊಡವ ಸಾಹಿತ್ಯ ಅಕಾಡೆಮಿ 1994ರಲ್ಲೇ ಬಂದಿದೆ, ಅರೆಭಾಷೆಗೂ 2011ರಿಂದ ಅಕಾಡೆಮಿ ಇದೆ, ಎರಡರಲ್ಲೂ ಕನ್ನಡ ಲಿಪಿಯಲ್ಲೇ ಪುಸ್ತಕಗಳು ಬರುತ್ತಿವೆ. ಕೊಡವ ತಕ್ಕಿನ ಕೆಲವು ಸ್ವರಗಳು ಕನ್ನಡ ಲಿಪಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಹೇಗೆ ಬರೆಯುವುದು ಎಂದು ಮಕ್ಕಳೇ ಚರ್ಚೆ ಮಾಡಲಿ, ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧ ಅವರಿಗೆ ಹೊಳೆಯುವುದು ಆಗಲೇ.

ಆದರೆ ಇದರಲ್ಲಿ ನಿಜವಾದ ಅಪಾಯವೊಂದಿದೆ, ಅದು ವ್ಯಾಕರಣದ್ದಲ್ಲ. ನಿಮ್ಮ ತರಗತಿಯಲ್ಲಿ ತೋಟದ ಯಜಮಾನರ ಮಗ, ಅದೇ ತೋಟದ ಲೈನ್ ಮನೆಯ ಹುಡುಗಿ ಒಂದೇ ಬೆಂಚಿನ ಆಚೆ ಈಚೆ ಕೂತಿರಬಹುದು. ‘ನಿಮ್ಮ ನಿಮ್ಮ ಭಾಷೆಯಲ್ಲಿ ಓದಿ’ ಎಂದರೆ ಕೊಡವ ತಕ್ಕಿನವರು ಹೆಮ್ಮೆಯಿಂದ ಏಳುತ್ತಾರೆ. ಯರವ ಮಾತಿನ ಹುಡುಗಿ ತಲೆ ತಗ್ಗಿಸುತ್ತಾಳೆ, ಯಾಕೆಂದರೆ ಆ ಮಾತಿಗೆ ನಗುವವರನ್ನು ಅವಳು ಚಿಕ್ಕಂದಿನಿಂದ ನೋಡಿದ್ದಾಳೆ. ಒಬ್ಬರು ನಕ್ಕರೂ ಸಾಕು, ಆ ವರ್ಷಕ್ಕೆ ಅವಳ ಬಾಯಿ ಮುಚ್ಚಿತು. ಆದ್ದರಿಂದ ಯಾರನ್ನೂ ಒತ್ತಾಯಿಸಬೇಡಿ. ಮೊದಲ ತಿಂಗಳು ಜೋರಾಗಿ ಓದಿಸುವುದೇ ಬೇಡ. ನೀವೇ ಹೆಸರು ಹೇಳದೆ ಒಳ್ಳೆಯ ಎರಡು ಸಾಲು ಓದಿ ತೋರಿಸಿ. ಲೈನ್ ಮನೆಯ ಹಾಳೆಯ ಸಾಲುಗಳು ಅದರಲ್ಲಿ ಸೇರಿರುವಂತೆ ನೋಡಿಕೊಳ್ಳಿ. ನಗು ಬಂದರೆ ಅಲ್ಲೇ, ಆಗಲೇ, ಗಟ್ಟಿಯಾಗಿ ನಿಲ್ಲಿಸಿ. ಈ ವಿಷಯದಲ್ಲಿ ನಾನು ಕಠಿಣ.

ಬರವಣಿಗೆಯಿಂದ ಅವರ ಬದುಕಿನಲ್ಲಿ ಏನಾದೀತು ಎಂಬುದೂ ಅವರಿಗೆ ಕಾಣಬೇಕು. ತೋಟದಲ್ಲಿ ಹಾಜರಿ, ತೂಕ ಬರೆಯುವವನನ್ನು ‘ರೈಟರ್’ ಎನ್ನುತ್ತಾರಲ್ಲ? ಲೈನ್ ಮನೆಯ ಮಕ್ಕಳಿಗೆ ಬರೆಯುವವನೆಂದರೆ ಮೊದಲು ನೆನಪಾಗುವುದು ಆತ. ಬರೆಯುವವನು ಯಾವಾಗಲೂ ಬೇರೆಯವನು, ಅಪ್ಪ ಅಮ್ಮ ಹೆಬ್ಬೆಟ್ಟು ಅಥವಾ ಸಹಿ ಹಾಕುವವರು. ಆ ಪೆನ್ನು ತಮ್ಮ ಕೈಗೂ ಬರಬಹುದು ಎಂದು ತೋರಿಸಲು ನಾನು ಅರ್ಜಿಗಳನ್ನು ಬಳಸುತ್ತೇನೆ. ಆನೆ ಬಾಳೆ, ಭತ್ತ ತುಳಿದುಹಾಕಿದ್ದಕ್ಕೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ: ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಗಿಡ, ನೋಡಿದವರು ಯಾರು. ಬೀದಿದೀಪಕ್ಕೆ ಪಂಚಾಯಿತಿಗೆ, ಕಾಲೇಜು ಬಿಡುವ ಹೊತ್ತಿಗೆ ಬಸ್ಸು ಬೇಕೆಂದು ಸಾರಿಗೆ ಸಂಸ್ಥೆಗೆ. ಇಲ್ಲಿ ‘ಮಹತ್ತರ ಪಾತ್ರ ವಹಿಸುತ್ತದೆ’ ನಡೆಯುವುದಿಲ್ಲ. ‘ಸಂಜೆ ಬಸ್ಸು ಇಲ್ಲದೆ ನಾವು 11 ಹುಡುಗಿಯರು ಕಾಡಿನ ಪಕ್ಕದ ರಸ್ತೆಯಲ್ಲಿ ನಡೆಯಬೇಕಾಗಿದೆ’ ಎಂಬುದು ನಡೆಯುತ್ತದೆ.

ಹಾಡಿಯ ಮಕ್ಕಳಿಗೆ ಹೇಳಲು ನನ್ನ ಬಳಿ ಇನ್ನೂ ದೊಡ್ಡ ಉದಾಹರಣೆಯಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ, ಹಕ್ಕು ಕೇಳುವಾಗ ಕೊಡಬಹುದಾದ ಸಾಕ್ಷ್ಯಗಳಲ್ಲಿ ಹಿರಿಯರ ಹೇಳಿಕೆಯೂ ಒಂದು. ಹೇಳುವವರು ಅರ್ಜಿದಾರರಲ್ಲದ ಹಿರಿಯರಾಗಿರಬೇಕು, ಹೇಳಿಕೆ ಬರಹದಲ್ಲಿರಬೇಕು. ಅಜ್ಜನ ಬಾಯಿಮಾತು ಬರಹವಾದರೆ ಅದಕ್ಕೆ ಕಾನೂನಿನ ಬೆಲೆ ಬರುತ್ತದೆ. ಒಬ್ಬ ಹಿರಿಯರನ್ನು ಕೂರಿಸಿಕೊಂಡು ಎಲ್ಲಿ ಹಾಡಿ ಇತ್ತು, ಯಾವ ಹೊಳೆಯ ನೀರು ಕುಡಿಯುತ್ತಿದ್ದರು, ದೇವರ ಬನ ಎಲ್ಲಿ ಎಂದು ಕೇಳಿ, ಹೇಳಿದ್ದಕ್ಕೆ ಒಂದಕ್ಷರ ಹೆಚ್ಚೂ ಕಡಿಮೆಯೂ ಆಗದಂತೆ ಬರೆಯುವುದು ಪದವಿ ತರಗತಿಯ ಯಾವ ಪ್ರಬಂಧಕ್ಕೂ ಕಡಿಮೆಯಲ್ಲದ ಕೆಲಸ. ಆದರೆ ತರಗತಿಯ ಅಭ್ಯಾಸವನ್ನು ನೇರವಾಗಿ ಕಚೇರಿಗೆ ಕಳುಹಿಸಬೇಡಿ. ಹಿರಿಯರ ಒಪ್ಪಿಗೆ ಬೇಕು, ಬರೆದದ್ದನ್ನು ಅವರಿಗೇ ಓದಿ ಹೇಳಬೇಕು, ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯವರು ನೋಡಬೇಕು. ಒಂದು ದಿನಾಂಕ ತಪ್ಪಾದರೂ ತೊಂದರೆ ಆಗುವುದು ಹುಡುಗನ ಅಂಕಕ್ಕಲ್ಲ, ಒಂದು ಮನೆಗೆ.

ಎಐ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನನ್ನ ಕಾಲದ ಗೈಡಿನ ಜಾಗಕ್ಕೆ ಅದು ಬಂದಿದೆ, ಮಕ್ಕಳು ಅದರ ಕಡೆ ಓಡುವುದೂ ಅದೇ ಭಯದಿಂದ. ಎಐ ಬರೆದದ್ದೋ ಅಲ್ಲವೋ ಎಂದು ಹೇಳುವ ಸಾಧನಗಳನ್ನು ನಂಬಿ ಯಾರ ಮೇಲೂ ಆರೋಪ ಹೊರಿಸಬೇಡಿ, ಅವು ತಪ್ಪುತ್ತವೆ. ಕರಡು ತರಗತಿಯಲ್ಲೇ, ಕೈಯಲ್ಲೇ ಆಗಲಿ. ಅನುಮಾನ ಬಂದರೆ ಗದರದೆ, ‘ಇದನ್ನು ನನಗೆ ಬಾಯಲ್ಲಿ ಹೇಳು’ ಎನ್ನಿ. ತಾನು ಬರೆದದ್ದಾದರೆ ಬರೆದದ್ದಕ್ಕಿಂತ ಹೆಚ್ಚು ಹೇಳುತ್ತಾನೆ. ಮೊಬೈಲಿನಿಂದ ಒಂದು ಉಪಕಾರವೂ ಉಂಟು. ಕನ್ನಡದಲ್ಲಿ ಮಾತಾಡಿದರೆ ಅಕ್ಷರವಾಗುವ ಸೌಲಭ್ಯವಿದೆಯಲ್ಲ, ಪೆನ್ನು ಹಿಡಿದರೆ ಕೈ ನಡುಗುವ ಹುಡುಗನಿಗೆ ಮೊದಲ ಕರಡು ಅದರಲ್ಲಿ ಬರಲಿ. ತನ್ನ ಮಾತು ಅಕ್ಷರವಾಗುವುದನ್ನು ಅವನು ಕಣ್ಣಾರೆ ನೋಡುತ್ತಾನೆ. ಮಳೆಗಾಲದಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಇಲ್ಲಿಯ ಉಚ್ಚಾರಣೆ ಅದಕ್ಕೆ ಎಲ್ಲ ಸಲ ಹಿಡಿಯುವುದೂ ಇಲ್ಲ, ಅದು ಬೇರೆ ಮಾತು.

ಇಷ್ಟೆಲ್ಲ ಮಾಡಿದರೂ ಇಬ್ಬರು ಮೂವರ ಹಾಳೆ ಅಲುಗಾಡದಿದ್ದರೆ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ನಗಬೇಡಿ, ಹಿಂದಿನ ಬೆಂಚಿನಲ್ಲಿ ಬೋರ್ಡೇ ಕಾಣದೆ ಹನ್ನೆರಡನೇ ತರಗತಿ ದಾಟಿ ಬಂದವರನ್ನು ನಾನು ಕಂಡಿದ್ದೇನೆ. ಅಕ್ಷರಗಳು ಅದಲುಬದಲಾಗುವುದು, ಓದುವಾಗ ಸಾಲು ತಪ್ಪುವುದು, ಬಾಯಲ್ಲಿ ಜಾಣನಾದವನು ಎರಡು ಸಾಲಿಗೆ ಬೆವರುವುದು ಕಂಡರೆ ನಿರ್ದಿಷ್ಟ ಕಲಿಕಾ ನ್ಯೂನತೆ ಇರಬಹುದು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಅದನ್ನೂ ಪಟ್ಟಿಯಲ್ಲಿ ಸೇರಿಸಿದೆ, ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಅನುಕೂಲ ಕೇಳಬಹುದು. ನೀವೇ ಹೆಸರಿಟ್ಟು ತರಗತಿಯಲ್ಲಿ ಹೇಳಬೇಡಿ, ಜಿಲ್ಲಾ ಆಸ್ಪತ್ರೆಗೆ ಹೋಗಿ ವಿಚಾರಿಸುವಂತೆ ಮನೆಯವರಿಗೆ ತಿಳಿಸಿ.

ಕುಯ್ಲಿನ ತಿಂಗಳುಗಳನ್ನು ನೀವು ಗೆಲ್ಲಲಾರಿರಿ. ಅರೇಬಿಕಾ ನವೆಂಬರಿನಲ್ಲಿ ಶುರು, ರೋಬಸ್ಟಾ ಫೆಬ್ರವರಿ ದಾಟುತ್ತದೆ. ಕಿಲೋ ಲೆಕ್ಕದ ಕೂಲಿ ಆ ಮನೆಯ ವರ್ಷದ ಫೀಸು, ಬಸ್ ಪಾಸು ಎಲ್ಲವೂ ಆಗಿರುತ್ತದೆ. ಗಟ್ಟಿಯಾದ ಕೆಲಸವನ್ನೆಲ್ಲ ನವೆಂಬರಿಗೆ ಮುಂಚೆ ಮುಗಿಸಿಕೊಳ್ಳಿ. ಡಿಸೆಂಬರಿನಿಂದ ಕುಯ್ಲಿಗೆ ಹೋಗುವವರ ಕೈಗೆ ಜೇಬಿನಲ್ಲಿ ಹಿಡಿಯುವ ಒಂದು ಚಿಕ್ಕ ಪುಸ್ತಕ ಕೊಡಿ, ದಿನಕ್ಕೆ ಐದು ಸಾಲು ಸಾಕು: ಇಂದು ಎಷ್ಟು ಕಿಲೋ, ಯಾರ ಜೊತೆ, ಏನು ಕಂಡೆ, ಏನು ಕೇಳಿದೆ. ಮರಳಿ ಬಂದಾಗ ಆ ಪುಸ್ತಕದಿಂದಲೇ ಒಂದು ದೊಡ್ಡ ಬರಹ ಬೆಳೆಯುತ್ತದೆ. ಇದರಿಂದ ಹಾಜರಾತಿ ಕೊರತೆ ತುಂಬುವುದಿಲ್ಲ ಎಂಬುದನ್ನು ಮಾತ್ರ ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ. ಪರೀಕ್ಷೆಗೆ ಕೂರಲಾಗದೆ ಹೋದಮೇಲೆ ಐದು ಸಾಲಿನ ಪುಸ್ತಕ ಅವರನ್ನು ಕಾಯುವುದಿಲ್ಲ.

‘ಪಾಸು ಮಾಡಿಸಿ ಸಾಕು’ ಎಂದ ನಿಮ್ಮ ಸಹೋದ್ಯೋಗಿಯ ಮಾತನ್ನು ಪೂರ್ತಿ ತಳ್ಳಬೇಡಿ. ‘ಸಾಕು’ ಎಂಬುದಷ್ಟೇ ತಪ್ಪು. ಮನೆಯಲ್ಲಿ ಮೊದಲ ಬಾರಿಗೆ ಪದವಿಗೆ ಬಂದ ಮಗು ಫೇಲಾದರೆ ಮರುವರ್ಷ ಅದು ಕಾಲೇಜಿಗೆ ಬರುವುದಿಲ್ಲ. ಸೆಮಿಸ್ಟರಿನ ಕೊನೆಯ ಐದಾರು ವಾರ ಪರೀಕ್ಷೆಯ ಬರವಣಿಗೆಗೇ ಇರಲಿ. ಪ್ರಶ್ನೆಯಲ್ಲಿ ಕೇಳಿದ್ದೇನು ಎಂದು ಗೆರೆ ಎಳೆಯುವುದು, ಉತ್ತರದ ಮೊದಲ ವಾಕ್ಯದಲ್ಲೇ ಉತ್ತರ ಹೇಳುವುದು, ಆಮೇಲೆ ಪಾಠದಿಂದ ಎರಡು ಸಂಗತಿ ಎತ್ತಿ ತೋರಿಸುವುದು. ಹದಿನೈದು ನಿಮಿಷ ನಿಲ್ಲದೆ ಬರೆದು ರೂಢಿಯಾದ ಕೈಗೆ ಮೂರು ಗಂಟೆಯ ಪರೀಕ್ಷೆ ಮುಂಚಿನಷ್ಟು ಭಯ ಹುಟ್ಟಿಸುವುದಿಲ್ಲ.

ಎಷ್ಟು ದಿನಕ್ಕೆ ಫಲ ಕಾಣುತ್ತದೆ? ನಾನು ಕಂಡ ಮಟ್ಟಿಗೆ ಮೊದಲ ಎರಡು ತಿಂಗಳಲ್ಲಿ ಬೆಳೆಯುವುದು ಉದ್ದ ಮಾತ್ರ, ಮೂರು ಸಾಲು ಒಂದು ಪುಟವಾಗುತ್ತದೆ. ಆಗ ತಪ್ಪುಗಳ ಸಂಖ್ಯೆ ಹೆಚ್ಚಾದಂತೆ ಕಾಣುತ್ತದೆ, ಹೆದರಬೇಡಿ, ಬರೆದದ್ದು ಹೆಚ್ಚಾಗಿದೆ ಅಷ್ಟೇ. ನಾಲ್ಕೈದು ತಿಂಗಳಿಗೆ ವಿಷಯಕ್ಕೊಂದು ಕ್ರಮ ಬರುತ್ತದೆ. ಕಾಗುಣಿತ ಎಲ್ಲದಕ್ಕಿಂತ ಕೊನೆಗೆ. ಎಲ್ಲ 54 ಮಂದಿಯೂ ಅಲ್ಲಿಗೆ ಮುಟ್ಟುವುದಿಲ್ಲ. ಹತ್ತು ಹನ್ನೆರಡು ಮಂದಿ ಗೈಡನ್ನು ಬಿಡುವುದೇ ಇಲ್ಲ. ಅವರನ್ನು ಕಂಡು ನೀವು ಸೋತಿರಿ ಎಂದುಕೊಳ್ಳಬೇಡಿ, ಬರೆಯುವವರ ಕಡೆ ನೋಡಿ.

ಮುಂದಿನ ತರಗತಿಗೆ ಕೆಂಪು ಪೆನ್ನನ್ನು ಸ್ಟಾಫ್ ರೂಮಿನಲ್ಲೇ ಬಿಟ್ಟು ಹೋಗಿ. ‘ನಿಮಗೆ ಮಾಡಲು ಬರುವ, ನನಗೆ ಬಾರದ ಒಂದು ಕೆಲಸವನ್ನು ನನಗೆ ಕಲಿಸಿ’ ಎಂದು ಕೇಳಿ, ಮೊದಲು ಜೋಡಿಯಲ್ಲಿ ಮಾತು, ಆಮೇಲೆ ಬರಹ. ಆ ಹಾಳೆಗಳಲ್ಲಿ ಆರನ್ನು, ತುಂಬ ಚೆನ್ನಾಗಿರುವವು ಎರಡು, ನಡುವಿನವು ಎರಡು, ನಿಮಗೆ ಏನು ಮಾಡುವುದೆಂದೇ ತೋಚದವು ಎರಡು, ಮಕ್ಕಳ ಒಪ್ಪಿಗೆ ಪಡೆದು, ಹೆಸರು ಮುಚ್ಚಿ ನನಗೆ ಕಳುಹಿಸಿಕೊಡಿ. ಪ್ರತಿ ಹಾಳೆಯ ಮೂಲೆಯಲ್ಲಿ ಬರೆದವರ ಮನೆಮಾತು ಯಾವುದೆಂದು ಬರೆದಿರಲಿ. ಯಾವ ತಪ್ಪು ಎಲ್ಲಿಂದ ಬಂದಿದೆ ಎಂದು ನಾವಿಬ್ಬರೂ ಕೂತು ನೋಡೋಣ.